ಟೈಲ್ಸ್ ಕೊಳ್ಳುವಾಗ ಬೆನ್ನು ನೋಡಿ

ಪುತ್ತರಿ ಹಬ್ಬ ಮುಗಿದು ತೋಟದಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ ನನಗೆ ಬರುವ ಫೋನುಗಳ ವಿಷಯವೂ ಬದಲಾಗುತ್ತದೆ. ಮಳೆಗಾಲವಿಡೀ ಸೋರುವ ಸೂರಿನ ಬಗ್ಗೆ ಕೇಳುತ್ತಿದ್ದವರು ಈಗ ನೆಲದ ಬಗ್ಗೆ ಕೇಳುತ್ತಾರೆ. ಕಾಫಿ ದುಡ್ಡು ಕೈಗೆ ಬರುವ ಕಾಲ ಇದು. ಏಪ್ರಿಲ್, ಮೇ ತಿಂಗಳ ಮದುವೆಗೆ ಮನೆ ಸಜ್ಜಾಗಬೇಕು, ಮಳೆ ಹಿಡಿಯುವುದರೊಳಗೆ ಗಾರೆ ಕೆಲಸ ಮುಗಿಯಬೇಕು. ಹೀಗಾಗಿ ವಿರಾಜಪೇಟೆಯಿಂದಲೂ ಸೋಮವಾರಪೇಟೆಯಿಂದಲೂ ನಾಪೋಕ್ಲುವಿನಿಂದಲೂ ಒಂದೇ ಪ್ರಶ್ನೆ: ‘ಅಕ್ಕಾ, ನೆಲಕ್ಕೆ ಯಾವ ಟೈಲ್ಸ್ ಒಳ್ಳೇದು?’ ಅವರಿಗೆಲ್ಲ ನಾನು ಕೊಡುವ ಮೊದಲ ಉತ್ತರವೂ ಒಂದೇ. ಅಂಗಡಿಯಲ್ಲಿ ಟೈಲ್ಸಿನ ಮುಖ ನೋಡಿ ಮನಸೋಲಬೇಡಿ, ತಿರುಗಿಸಿ ಬೆನ್ನು ನೋಡಿ. ಅದು ಎಲ್ಲಿ ಕೂರುತ್ತದೆ, ಅದರ ಅಡಿಯಲ್ಲಿ ಏನಿರುತ್ತದೆ ಅನ್ನುವುದನ್ನು ಯೋಚಿಸಿ. ನೆಲ ಬಾಳುವುದೋ ಹಾಳಾಗುವುದೋ ತೀರ್ಮಾನವಾಗುವುದು ಅಲ್ಲಿ, ಕಣ್ಣಿಗೆ ಕಾಣದ ಕಡೆ.

ಈ ಮಾತು ನಾನು ಪುಸ್ತಕ ಓದಿ ಕಲಿತದ್ದಲ್ಲ. ಮಡಿಕೇರಿಯ ಹತ್ತಿರ ನಾವು ಮನೆ ಕಟ್ಟಿಸಿದಾಗ ಜಗಲಿಗೂ ಹಾಲಿಗೂ ಒಂದೇ ಬಗೆಯ, ಕನ್ನಡಿಯಂತೆ ಮಿನುಗುವ ಬಿಳಿ ಟೈಲ್ಸ್ ಹಾಕಿಸಿದೆವು. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಜೂನ್ ಬಂತು. ನಾಲ್ಕು ದಿನ ಬಿಡದೆ ಸುರಿದ ಮಳೆ ಒಂದು ಬೆಳಿಗ್ಗೆ ಹೊಳವಾಗಿ, ಬಿಸಿಲು ಇಣುಕಿತು. ನೋಡಿದರೆ ಯಾರೋ ಆಗಷ್ಟೇ ಒದ್ದೆ ಬಟ್ಟೆ ಹಾಕಿ ಒರೆಸಿ ಹೋದ ಹಾಗೆ ಜಗಲಿಯ ನೆಲವೆಲ್ಲ ಒದ್ದೆ. ಸೂರು ಸೋರಿರಲಿಲ್ಲ, ಎರಚಲೂ ಬಡಿದಿರಲಿಲ್ಲ. ಹೂವು ಕೊಯ್ಯಲು ಹೊರಟ ಅವ್ವ ಹೊಸ್ತಿಲು ದಾಟಿ ಎರಡನೇ ಹೆಜ್ಜೆ ಇಟ್ಟವರು ಅಲ್ಲೇ ಜಾರಿ ಕೈ ಊರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪಟ್ಟಿ ಕಟ್ಟಿಕೊಂಡು ಕೂತ ಅವ್ವ ಒಮ್ಮೆಯೂ ದೂರಲಿಲ್ಲ. ‘ಹಳೇ ಮನೆಯ ನೆಲ ಹೀಗೆ ಬೆವರ್ತಿರ್ಲಿಲ್ಲ ಮಗಾ’ ಎಂದಷ್ಟೇ ಹೇಳಿದರು. ಆ ಒಂದು ಮಾತು ನನ್ನನ್ನು ನೆಲದ ಹಿಂದೆ ಬೀಳಿಸಿತು.

ನೆಲ ಬೆವರುವುದಕ್ಕೆ ಕಾರಣ ಸರಳವಾಗಿದೆ. ನಮ್ಮ ಮಳೆಗಾಲದ ಗಾಳಿ ಇನ್ನೊಂದು ಹನಿಯನ್ನೂ ಹೊರಲಾರದಷ್ಟು ತೇವದಿಂದ ತುಂಬಿರುತ್ತದೆ. ಅಂಥ ಗಾಳಿ ತನಗಿಂತ ಸ್ವಲ್ಪ ತಣ್ಣಗಿರುವ ಯಾವುದನ್ನು ತಾಗಿದರೂ ಅಲ್ಲಿ ನೀರು ಬಿಟ್ಟು ಹೋಗುತ್ತದೆ. ತಣ್ಣೀರಿನ ಚೊಂಬಿನ ಹೊರಮೈಯಲ್ಲಿ ಹನಿ ಕೂರುವುದೂ ಹೀಗೆಯೇ. ಹೊರಗಿನ ಗಾಳಿ ಬೇಗ ಬೆಚ್ಚಗಾಗುತ್ತದೆ, ಮಣ್ಣಿಗೆ ಅಂಟಿಕೊಂಡ ನೆಲ ಬೇಗ ಬೆಚ್ಚಗಾಗುವುದಿಲ್ಲ. ಹಾಗಾಗಿಯೇ ಮಳೆ ಬಿಟ್ಟು ಬಿಸಿಲು ಬಂದ ಗಳಿಗೆಯಲ್ಲಿ ನೆಲ ಒದ್ದೆಯಾಗುವುದು. ಹಳೆಯ ಮನೆಯ ಸೆಗಣಿ ಸಾರಿಸಿದ ನೆಲವಾಗಲಿ, ಸುಟ್ಟ ಮಣ್ಣಿನ ಹೆಂಚು ಹಾಸಿದ ನೆಲವಾಗಲಿ ಆ ತೇವವನ್ನು ಸ್ವಲ್ಪ ಕುಡಿದುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಿತ್ತು. ಪಾಲಿಶ್ ಮಾಡಿದ ಟೈಲ್ಸಿಗೆ ಕುಡಿಯುವ ಬಾಯಿಯೇ ಇಲ್ಲ. ನೀರು ಮೇಲೆಯೇ ತೆಳ್ಳಗೆ ಹರಡಿ ನಿಲ್ಲುತ್ತದೆ. ಕಾಲಿಗೂ ನೆಲಕ್ಕೂ ನಡುವೆ ಆ ಒಂದು ಪದರ ಸಾಕು, ಮನುಷ್ಯ ಬೀಳಲು.

ಇಲ್ಲಿ ನಮ್ಮ ಕೊಡಗು ಜಿಲ್ಲೆಯ ಒಂದು ವಿಶೇಷ ನೆನಪಿರಲಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಹೆಚ್ಚು ಮಳೆ. ಭಾಗಮಂಡಲದ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು. ಅದೇ ಮಡಿಕೇರಿಯಿಂದ 30 ಕಿ.ಮೀ. ಆಚೆ ಕುಶಾಲನಗರಕ್ಕೆ ಇಳಿದರೆ ಮಳೆ ಅರ್ಧಕ್ಕಿಂತಲೂ ಕಡಿಮೆ. ಕುಶಾಲನಗರದ ತಂಗಿಯ ಮನೆಯಲ್ಲಿ ಚೆನ್ನಾಗಿರುವ ನೆಲ ಗಾಳಿಬೀಡಿನ ಅಕ್ಕನ ಮನೆಯಲ್ಲೂ ಚೆನ್ನಾಗಿರುತ್ತದೆ ಎನ್ನಲಾಗದು. ಬೆಂಗಳೂರಿನ ಮನೆಗಳನ್ನು ನೋಡಿ ಆರಿಸಿಕೊಂಡು ಬರುವುದಂತೂ ಇನ್ನೂ ದೂರದ ಮಾತು.

ಈಗ ಬೆನ್ನಿನ ವಿಷಯಕ್ಕೆ ಬರೋಣ. ನಾವು ಎಲ್ಲವನ್ನೂ ಟೈಲ್ಸ್ ಎಂದೇ ಕರೆದರೂ ಅಂಗಡಿಯಲ್ಲಿರುವುದು ಮುಖ್ಯವಾಗಿ ಎರಡು ಜಾತಿ, ಸೆರಾಮಿಕ್ ಮತ್ತು ವಿಟ್ರಿಫೈಡ್. ಎರಡೂ ಮಣ್ಣೇ. ಪುಡಿ ಮಾಡಿ, ಅಚ್ಚಿನಲ್ಲಿ ಒತ್ತಿ, ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಟ್ಟ ಮಣ್ಣು. ದೇಶದ ಟೈಲ್ಸಿನ ಬಹುಪಾಲು ತಯಾರಾಗುವುದು ಗುಜರಾತಿನ ಮೋರ್ಬಿಯಲ್ಲಿ. ಮಣ್ಣು ಸುಟ್ಟು ಮನೆಗೆ ಹೊದಿಸುವುದು ನಮಗೂ ಹೊಸತಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಬಗೆಯ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮನೆಗಳ ಸೂರು ಏರಿತು. ಮಂಗಳೂರು ಹೆಂಚಿಗೂ ಇಂದಿನ ಟೈಲ್ಸಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಅವು ಎಷ್ಟು ನೀರು ಕುಡಿಯುತ್ತವೆ ಅನ್ನುವುದು. ವಿಟ್ರಿಫೈಡ್ ತನ್ನ ತೂಕದ ಶೇಕಡ ಅರ್ಧಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ, ಒಳಗೆಲ್ಲ ಗಾಜಿನಂತೆ ಕೂಡಿಕೊಂಡಿರುತ್ತದೆ. ನೆಲದ ಸೆರಾಮಿಕ್ ಸಾಮಾನ್ಯವಾಗಿ ಶೇಕಡ 3ರಿಂದ 6ರಷ್ಟು ಹೀರುತ್ತದೆ. ಗೋಡೆಯ ಟೈಲ್ಸ್ ಶೇಕಡ 10ಕ್ಕಿಂತಲೂ ಹೆಚ್ಚು.

ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಅಂಗಡಿಯವರ ಹತ್ತಿರ ಒಂದು ಲೋಟ ನೀರು ಕೇಳಿ, ಟೈಲು ಬೋರಲು ಹಾಕಿ ಬೆನ್ನ ಮೇಲೆ ಒಂದು ಚಮಚದಷ್ಟು ಹಾಕಿ. ಗೋಡೆಯ ಟೈಲ್ಸಾದರೆ ನೀವು ನೋಡುತ್ತಿದ್ದಂತೆಯೇ ನೀರು ಒಳಗಿಳಿದು ಕಪ್ಪು ಕಲೆಯಷ್ಟೇ ಉಳಿಯುತ್ತದೆ. ನೆಲದ ಸೆರಾಮಿಕ್ ಆದರೆ ನಿಧಾನಕ್ಕೆ ಹೀರುತ್ತದೆ. ವಿಟ್ರಿಫೈಡ್ ಆದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಹಾಗೇ ಕೂತಿರುತ್ತದೆ. ಕಡಿಮೆ ದರಕ್ಕೆ ಸಿಕ್ಕಿತೆಂದು ಗೋಡೆಯ ಟೈಲ್ಸನ್ನು ನೆಲಕ್ಕೆ ಹಾಕಿಸಿಕೊಂಡು ಒಂದೇ ವರ್ಷದಲ್ಲಿ ಒಡಕು ಕಂಡವರನ್ನು ನಾನು ನೋಡಿದ್ದೇನೆ. ಒಂದು ಚಮಚ ನೀರು ಆ ಖರ್ಚನ್ನೆಲ್ಲ ಉಳಿಸುತ್ತಿತ್ತು. ಹಾಗೆಯೇ ಎರಡು ಟೈಲುಗಳನ್ನು ಮುಖಕ್ಕೆ ಮುಖ ಕೊಟ್ಟು ಜೋಡಿಸಿ ಅಂಚು ನೋಡಿ. ನಡುವೆ ಸಂದು ಕಂಡರೆ ಟೈಲು ಬಾಗಿದೆ ಎಂದರ್ಥ. ಎಷ್ಟೇ ಒಳ್ಳೆಯ ಮೇಸ್ತ್ರಿ ಹಾಕಿದರೂ ಅದರ ಮೂಲೆ ಕಾಲಿಗೆ ತಾಗುತ್ತದೆ. ಡಬ್ಬದ ಮೇಲೆ ಭಾರತೀಯ ಮಾನಕದ ಐಎಸ್ 15622 ಎಂಬ ಗುರುತಿದೆಯೇ ಎಂದೂ ನೋಡಿಕೊಳ್ಳಿ.

ನೀರು ಹೀರದ್ದೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಗಟ್ಟಿತನದ ಲೆಕ್ಕಕ್ಕೆ ಹೌದು. ಆದರೆ ಜಾರುವುದು, ಜಾರದಿರುವುದು ಬೇರೆಯೇ ಲೆಕ್ಕ. ಅದು ಮೇಲ್ಮೈಯ ಗುಣ. ಕಂಪನಿಗಳು ಅದನ್ನು ಆರ್ 9ರಿಂದ ಆರ್ 13ರವರೆಗಿನ ಅಂಕಿಗಳಲ್ಲಿ ಹೇಳುತ್ತವೆ. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಕೊಡಗಿನ ಜಗಲಿಗೆ, ಮೆಟ್ಟಿಲಿಗೆ, ಅಂಗಳದಿಂದ ಒಳಗೆ ಬರುವ ದಾರಿಗೆ ಆರ್ 11 ಆದರೂ ಇರಲಿ ಎನ್ನುತ್ತೇನೆ. ಒಳಗಿನ ಕೋಣೆಗಳಿಗೆ ಮ್ಯಾಟ್ ಮೇಲ್ಮೈಯ ವಿಟ್ರಿಫೈಡ್ ಸಾಕು. ಅದೂ ಬೆವರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೆವರಿದಾಗಲೂ ಕಾಲನ್ನು ಹಿಡಿದುಕೊಳ್ಳುತ್ತದೆ. ಬಚ್ಚಲಿಗೆ ಒಂದಡಿಯ ಸಣ್ಣ ಟೈಲ್ಸೇ ಸರಿ. ಸಣ್ಣದಾದಷ್ಟೂ ಸಂದು ಹೆಚ್ಚು, ಸಂದು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ನೀರು ಹರಿಯಲು ವಾಟ ಕೊಡುವುದೂ ಸುಲಭ. ನಾಲ್ಕಡಿ ಉದ್ದದ ಟೈಲನ್ನು ಬಚ್ಚಲಿಗೆ ತಂದರೆ ಅದನ್ನು ಎತ್ತ ವಾಲಿಸುವುದೆಂದು ಮೇಸ್ತ್ರಿಗೂ ತಿಳಿಯದು.

ಬಣ್ಣದ ಬಗ್ಗೆಯೂ ಒಂದು ಮಾತು. ನಮ್ಮದು ಕೆಂಪು ಮಣ್ಣು. ತೋಟದಿಂದ ಗಂಬೂಟು ಹಾಕಿಕೊಂಡು ಬರುವ ಮನೆಗಳಿವು. ಅಚ್ಚ ಬಿಳಿ ನೆಲದಲ್ಲಿ ಪ್ರತಿ ಹೆಜ್ಜೆಯೂ ಬರೆದಿಟ್ಟ ಹಾಗೆ ಕಾಣುತ್ತದೆ. ಪಾಲಿಶ್ ಇದ್ದರೆ ಆ ಮಣ್ಣಿನ ಮರಳು ಕಣವೇ ಉಜ್ಜಿ ಉಜ್ಜಿ, ಎರಡು ಮಳೆಗಾಲದಲ್ಲಿ ಓಡಾಡುವ ದಾರಿಯನ್ನು ಮಂಕು ಮಾಡುತ್ತದೆ. ಹಾಗೆಂದು ತೀರಾ ಕಪ್ಪು ಬಣ್ಣಕ್ಕೂ ಹೋಗಬೇಡಿ. ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ ನಡುಹಗಲಲ್ಲೇ ದೀಪ ಹಾಕಬೇಕಾದ ಮನೆಗೆ ಕಪ್ಪು ನೆಲ ಇನ್ನಷ್ಟು ಕತ್ತಲು ತರುತ್ತದೆ. ಮರಳಿನ ಬಣ್ಣ, ತಿಳಿ ಕಂದು, ಬೂದಿ ಬಣ್ಣ ನಮಗೆ ಹೊಂದುತ್ತವೆ. ಅಂಗಡಿಯ ಹತ್ತು ದೀಪದ ಕೆಳಗೆ ತೀರ್ಮಾನ ಮಾಡುವ ಬದಲು ಒಂದು ಟೈಲನ್ನು ಮನೆಗೆ ತನ್ನಿ. ಹೊಸ್ತಿಲ ಬಳಿ ಇಟ್ಟು, ಸಂಜೆಯ ಬೆಳಕಲ್ಲಿ ನೀರು ಚಿಮುಕಿಸಿ, ಬರಿಗಾಲಲ್ಲಿ ನಿಂತು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ನಿಲ್ಲಿಸಿ ಕೇಳಿ, ಪಕ್ಕದಲ್ಲಿ ಕೈ ಹಿಡಿದುಕೊಂಡು.

ಇಷ್ಟೆಲ್ಲ ನೋಡಿ ಆರಿಸಿದ ಟೈಲ್ಸ್ ಕೂಡ ಕೆಳಗಿನ ನೆಲ ಸರಿಯಿಲ್ಲದಿದ್ದರೆ ನಿಲ್ಲುವುದಿಲ್ಲ. ನಮ್ಮಲ್ಲಿ ಸಮತಟ್ಟು ಜಾಗ ಎಲ್ಲಿದೆ? ಗುಡ್ಡದ ಒಂದು ಬದಿ ಕಡಿದು, ಆ ಮಣ್ಣನ್ನೇ ಇನ್ನೊಂದು ಬದಿಗೆ ತುಂಬಿ ಮನೆ ತಳ ಮಾಡುತ್ತೇವೆ. ಅಂದರೆ ಅರ್ಧ ಮನೆ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣು ನೀರು ಕುಡಿದು ಕುಸಿಯುತ್ತದೆ, ಗಟ್ಟಿ ನೆಲ ಕುಸಿಯುವುದಿಲ್ಲ. ಎರಡೂ ಕೂಡುವ ಗೆರೆಯಲ್ಲೇ ಟೈಲ್ಸ್ ಸಾಲಾಗಿ ಬಿರುಕು ಬಿಡುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ಊಟದ ಕೋಣೆಯ ಈ ಗೋಡೆಯಿಂದ ಆ ಗೋಡೆವರೆಗೆ ಹಗ್ಗ ಎಳೆದ ಹಾಗೆ ಒಂದೇ ಸೀಳು. ಟೈಲ್ಸ್ ಕಳಪೆ ಎಂದು ಅವರು ಎರಡು ಸಲ ಬದಲಾಯಿಸಿದರು. ಮೂರನೇ ಸಲ ಅಗೆದು ನೋಡಿದಾಗ ಕಾಂಕ್ರೀಟಿನ ಅಡಿಯಲ್ಲಿ ಕೈ ತೂರುವಷ್ಟು ಪೊಳ್ಳು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ನಾವು, ನೀರು ಕುಡಿದ ಮಣ್ಣನ್ನು ಹಗುರವಾಗಿ ಕಾಣಬಾರದು. ಒಳಗೆ ಬಿರುಕು, ಹೊರಗೆ ಗುಡ್ಡ ಕಡಿದ ಬರೆಯಲ್ಲೂ ಬಿರುಕು ಕಂಡರೆ ಟೈಲ್ಸ್ ಮೇಸ್ತ್ರಿಯನ್ನಲ್ಲ, ಎಂಜಿನಿಯರನ್ನು ಕರೆಸಿ.

ಮಣ್ಣನ್ನು ಒಮ್ಮೆಲೇ ಲಾರಿಯಿಂದ ಸುರಿಯಬಾರದು. ಅರ್ಧ ಅಡಿಗೊಂದು ಪದರ ಹರಡಿ, ನೀರು ಹಾಕಿ, ದಿಮ್ಮಸು ಹಾಕಿ ಗಟ್ಟಿ ಮಾಡಬೇಕು. ಸಾಧ್ಯವಿದ್ದರೆ ಒಂದು ಮಳೆಗಾಲ ಅದನ್ನು ಹಾಗೇ ಬಿಡಿ. ನಮ್ಮ ಮಳೆಗಿಂತ ಚೆನ್ನಾಗಿ ಮಣ್ಣನ್ನು ಕೂರಿಸುವ ಯಂತ್ರ ಇಲ್ಲ. ಅದರ ಮೇಲೆ ಕಲ್ಲು ಹಾಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ. ಆ ಹಾಳೆಯ ಖರ್ಚು ಏನೂ ಅಲ್ಲ. ಅದಿಲ್ಲದಿದ್ದರೆ ಮಣ್ಣಿನ ತೇವ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಕಾಂಕ್ರೀಟಿನಲ್ಲಿ ಏರಿ, ಸಂದಿನಲ್ಲಿ ಬಿಳಿ ಉಪ್ಪಾಗಿ ಹೊರಬರುತ್ತದೆ.

ಹಾಕುವ ದಿನ ನೀವು ಮನೆಯಲ್ಲೇ ಇರಿ. ಟೈಲ್ಸನ್ನು ಸಿಮೆಂಟ್ ಗಾರೆಯ ಮೇಲೆ ಕೂರಿಸುವುದು ಹಳೆಯ ಪದ್ಧತಿ. ನೀರು ಹೀರುವ ಸೆರಾಮಿಕ್‌ಗೆ ಅದು ಸರಿಯೇ. ನೆನೆಸಿಟ್ಟ ಟೈಲ್ಸಿನ ಬೆನ್ನಿನ ಸಣ್ಣ ಸಣ್ಣ ರಂಧ್ರಗಳಿಗೆ ಸಿಮೆಂಟ್ ಹಾಲು ಇಳಿದು ಬೇರೂರುತ್ತದೆ. ವಿಟ್ರಿಫೈಡಿನ ಬೆನ್ನಲ್ಲಿ ಬೇರೂರಲು ರಂಧ್ರಗಳೇ ಇಲ್ಲ. ಅದಕ್ಕೆ ಚೀಲದಲ್ಲಿ ಬರುವ ಟೈಲ್ಸ್ ಅಂಟು ಬೇಕು. ಅದಕ್ಕೂ ಐಎಸ್ 15477 ಎಂಬ ಮಾನಕವಿದೆ. ನಮ್ಮ ಜಗಲಿಯನ್ನು ಮತ್ತೆ ಹಾಕಿಸಿದಾಗ ಬಂದಿದ್ದ ಹಿರಿಯ ಮೇಸ್ತ್ರಿ ಹಲ್ಲಿನ ಕರಣೆಯಿಂದ ಅಂಟನ್ನು ಗೆರೆಗೆರೆಯಾಗಿ ಎಳೆದು, ಟೈಲು ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಆಮೇಲೆ ಮೊದಲ ಟೈಲನ್ನೇ ಕಿತ್ತು ತಿರುಗಿಸಿ ನನಗೆ ತೋರಿಸಿದರು. ಬೆನ್ನಿನ ತುಂಬ ಅಂಟು ಹತ್ತಿತ್ತು, ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಖಾಲಿ. ‘ಇಲ್ಲಿ ನೋಡಿ ಅಕ್ಕಾ, ಇಷ್ಟು ಖಾಲಿ ಬಿಟ್ರೆ ನಾಳೆ ಇದೇ ಮೂಲೆ ಒಡೆಯೋದು’ ಎಂದು ಬೆನ್ನಿಗೂ ತೆಳ್ಳಗೆ ಅಂಟು ಬಳಿದು ಮತ್ತೆ ಕೂರಿಸಿದರು. ನಾಲ್ಕು ಮೂಲೆಗೆ ಒಂದೊಂದು ಮುದ್ದೆ, ನಡುವೆ ಒಂದು ಮುದ್ದೆ ಇಟ್ಟು ಒತ್ತಿಬಿಡುವವರಿದ್ದಾರೆ. ಅದನ್ನು ಒಪ್ಪಬೇಡಿ. ಮುದ್ದೆಗಳ ನಡುವಿನ ಪೊಳ್ಳಿನ ಮೇಲೆ ಬೀರುವಿನ ಕಾಲು ಬಂದರೆ ಟೈಲು ಉಳಿಯದು. ಎರಡು ದಿನ ಕಳೆದ ಮೇಲೆ ಒಂದು ನಾಣ್ಯ ಹಿಡಿದು ಪ್ರತಿ ಟೈಲಿನ ನಡುವೆಯೂ ಮೂಲೆಯಲ್ಲೂ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ, ಖಾಲಿ ಡಬ್ಬ ಬಡಿದಂತೆ ಕೇಳಿದರೆ ಅದನ್ನು ಆಗಲೇ ಕೀಳಿಸಿ.

ಸಂದು ಬಿಡದೆ ಹಾಕಿಸಿ ಎನ್ನುವವರು ಬಹಳ. ಒಂದೇ ಹಾಸಿನಂತೆ ಕಾಣಬೇಕೆಂಬ ಆಸೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಮಳೆಗಾಲದಲ್ಲಿ ನಮ್ಮ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತವೆ, ಜನವರಿಯಲ್ಲಿ ಅವೇ ಬಾಗಿಲುಗಳ ನಡುವೆ ಗಾಳಿ ನುಗ್ಗುತ್ತದೆ. ನೆಲವೂ ಅಷ್ಟೇ. ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ, ಟೈಲು ಬಿಸಿಲಿಗೂ ತೇವಕ್ಕೂ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಒಂದಿನ ಸದ್ದು ಮಾಡಿ ಎರಡು ಟೈಲುಗಳು ಗುಡಿಸಲಿನ ಮಾಡಿನಂತೆ ಎದ್ದು ನಿಲ್ಲುತ್ತವೆ. ಎರಡರಿಂದ ಮೂರು ಮಿ.ಮೀ. ಸಂದು, ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಮುಚ್ಚುವಂತೆ ಅರ್ಧ ಸೆಂ.ಮೀ. ಜಾಗ ಇರಲೇಬೇಕು. ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ನಮ್ಮ ಕೆಂಪು ಮಣ್ಣು ಒಂದೇ ಮಳೆಗಾಲದಲ್ಲಿ ಅದಕ್ಕೆ ಬಣ್ಣ ಹಚ್ಚುತ್ತದೆ. ಕಂದು ಗ್ರೌಟ್ ಹಾಕಿಸಿ. ಅಡುಗೆಮನೆ, ಬಚ್ಚಲಿಗೆ ದುಬಾರಿಯಾದರೂ ಎಪಾಕ್ಸಿ ಗ್ರೌಟ್ ಇರಲಿ. ಬಚ್ಚಲಲ್ಲಿ ಹತ್ತಡಿಗೆ ಒಂದೂವರೆ ಇಂಚಿನ ವಾಟ ಬೇಕು. ಮೇಸ್ತ್ರಿ ಹೊರಡುವ ಮುಂಚೆ ಒಂದು ಬಕೆಟ್ ನೀರು ಸುರಿದು ನೋಡಿಯೇ ಕಳಿಸಿ.

ಲೆಕ್ಕ ಹಾಕುವಾಗಲೂ ಒಂದು ಮೋಸ ಹೋಗುವ ಜಾಗ ಇದೆ. ಎರಡಡಿ ಟೈಲು ಎನ್ನುವುದು ನಿಜಕ್ಕೂ 600 ಮಿ.ಮೀ., ಅಂದರೆ ಎರಡಡಿಗಿಂತ ಸುಮಾರು ಒಂದು ಸೆಂ.ಮೀ. ಕಡಿಮೆ. ನಾಲ್ಕು ಟೈಲಿನ ಡಬ್ಬ 16 ಚದರಡಿ ಎಂದುಕೊಳ್ಳುತ್ತೇವೆ, ಅದು ಮುಚ್ಚುವುದು ಹದಿನೈದೂವರೆ. ಸಾವಿರ ಚದರಡಿಗೆ ಎರಡು ಡಬ್ಬ ಹೀಗೇ ಕಡಿಮೆ ಬೀಳುತ್ತದೆ. ಮೂಲೆಯ ತುಂಡುಗಳಿಗೆಂದು ಶೇಕಡ 10 ಹೆಚ್ಚು ತನ್ನಿ, ಎಲ್ಲವನ್ನೂ ಒಂದೇ ಸಲ ತನ್ನಿ. ಡಬ್ಬದ ಮೇಲಿನ ಬ್ಯಾಚ್ ನಂಬರು, ಶೇಡ್ ನಂಬರು ಎಲ್ಲದರಲ್ಲೂ ಒಂದೇ ಇರಬೇಕು. ಅದೇ ಹೆಸರಿನ ಟೈಲ್ಸ್ ಮುಂದಿನ ತಿಂಗಳು ಬಂದರೆ ಬಣ್ಣ ಒಂದೆಳೆ ಬೇರೆಯಾಗಿರುತ್ತದೆ, ಕೋಣೆಯ ನಡುವೆ ಅದು ಎದ್ದು ಕಾಣುತ್ತದೆ.

ಕೊನೆಯದಾಗಿ ಹಳೆಯ ಮನೆಗಳ ಬಗ್ಗೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಸೇರಿ ದುಡ್ಡು ಹಾಕಿ ಹಿರಿಯರ ಐನ್‌ಮನೆ ದುರಸ್ತಿ ಮಾಡಿಸುವುದು ಸಂತೋಷದ ವಿಷಯ. ಆದರೆ ದುರಸ್ತಿಯೆಂದರೆ ಮೊದಲು ನೆಲಕ್ಕೆ ಟೈಲ್ಸ್ ಎಂಬಂತಾಗಿದೆ. ಹಳೆಯ ಐನ್‌ಮನೆಗಳ ಗೋಡೆ ಬಹುಪಾಲು ಮಣ್ಣಿನದು. ನೆಲದಿಂದ ಏಳುವ ತೇವ ಅಲ್ಲಿ ಇಡೀ ನೆಲದ ಮೂಲಕ ಆರುತ್ತಿತ್ತು. ಆ ನೆಲದ ಮೇಲೆ ನೀರು ಹೀರದ ಟೈಲ್ಸ್ ಮುಚ್ಚಿದರೆ ತೇವ ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ ಸರಿದು ಗೋಡೆ ಏರುತ್ತದೆ. ನೂರಾರು ಮಳೆಗಾಲ ಕಂಡ ಗೋಡೆಯ ಬುಡ ಉದುರತೊಡಗುತ್ತದೆ. ಗೋಡೆಗೆ ವಯಸ್ಸಾಯಿತು ಎಂದು ನಾವು ಅಂದುಕೊಳ್ಳುತ್ತೇವೆ, ನಿಜವಾಗಿ ಅದರ ಉಸಿರು ಕಟ್ಟಿಸಿದವರು ನಾವೇ. ತೂಗುದೀಪ ತೂಕ್ ಬೊಳ್ಚ ಉರಿಯುವ ನಡುಮನೆಯ, ಅಂದರೆ ನೆಲ್ಲಕ್ಕಿ ನಡುಬಾಡೆಯ ನೆಲಕ್ಕೆ, ಕೂರುವ ಹಲಗೆಯಾದ ಐಮರದ ಕೆಳಗಿನ ಜಗಲಿಗೆ ಪಾಲಿಶ್ ಟೈಲ್ಸ್ ಬೇಡ. ಸುಟ್ಟ ಮಣ್ಣಿನ ಚೌಕ ಹೆಂಚನ್ನು ಸುಣ್ಣದ ಗಾರೆಯಲ್ಲಿ ಹಾಸಿಸಿ. ಅದು ತೇವ ಕುಡಿಯುತ್ತದೆ, ಬಿಡುತ್ತದೆ, ಹಿರಿಯರ ಕಾಲನ್ನೂ ಹಿಡಿಯುತ್ತದೆ. ಅಲ್ಲಿ ಈಗಾಗಲೇ ಗಟ್ಟಿಯಾದ ಕೆಂಪು ಆಕ್ಸೈಡ್ ನೆಲವಿದ್ದರೆ ಅದನ್ನು ಒಡೆಯುವ ಮುಂಚೆ ಒಮ್ಮೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ ನೋಡಿ. ಎಷ್ಟೋ ಮನೆಗಳಿಗೆ ಅಷ್ಟೇ ಸಾಕು.

ನಮ್ಮ ಜಗಲಿಗೆ ಈಗ ಒರಟು ಮೈಯ, ಒಂದಡಿ ಅಳತೆಯ ಕಂದು ಟೈಲ್ಸ್ ಇದೆ. ಕೆಲಸ ಮುಗಿದ ದಿನ ಏಳು ಟೈಲು ಉಳಿದವು. ಮೇಸ್ತ್ರಿ ಅವನ್ನು ಅಟ್ಟಕ್ಕೆ ಹಾಕುವ ಮುಂಚೆ ಒಂದನ್ನು ಬೋರಲು ಹಾಕಿ ನನ್ನ ಕೈಗೆ ಮಾರ್ಕರ್ ಕೊಟ್ಟರು. ಬ್ಯಾಚ್ ನಂಬರು, ಶೇಡ್ ನಂಬರು, ಯಾವ ಅಂಟು, ಯಾವ ತಿಂಗಳು, ಕೆಳಗೆ ಪ್ಲಾಸ್ಟಿಕ್ ಹಾಳೆ ಇದೆ, ಎಲ್ಲವನ್ನೂ ಅದರ ಬೆನ್ನ ಮೇಲೆ ಬರೆದಿಟ್ಟೆ. ಮುಂದೆ ಯಾವತ್ತೋ ಒಂದು ಟೈಲು ಒಡೆದು ಅಟ್ಟ ಹತ್ತುವವರಿಗೆ ಬೇಕಾದ್ದೆಲ್ಲ ಅಲ್ಲಿದೆ. ಕಳೆದ ಜೂನಿನಲ್ಲಿ ಮಳೆ ಬಿಟ್ಟ ಬೆಳಿಗ್ಗೆ ಅವ್ವ ಹೂವಿನ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತರು, ಬಲಗಾಲನ್ನು ಮುಂದಿಟ್ಟು ಒಂದು ಗಳಿಗೆ ಒತ್ತಿ ನೋಡಿದರು, ಆಮೇಲೆ ಅಂಗಳಕ್ಕಿಳಿದರು.